ಪುದೀನ, ಪುಡಿ ಐಸು, ಸ್ಟೀಲ್ ಲೋಟ

ಕೆ.ಜಿ.ಎಫ್.ಗೆ ಹೋಗುವಾಗ ಬಂಗಾರಪೇಟೆಯಲ್ಲಿ ಇಳಿದು ಪಾನಿಪುರಿ ತಿನ್ನದೆ ಮುಂದೆ ಹೋದವನಲ್ಲ ನಾನು. ಅಲ್ಲಿಯ ಪಾನಿ ನೋಡಲು ನಲ್ಲಿ ನೀರಿನಷ್ಟು ತಿಳಿ. ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಹಸಿರಾಗಿದ್ದರಷ್ಟೇ ಘಮ ಎಂದು ನಂಬಿದವರು ಅದನ್ನೊಮ್ಮೆ ಕುಡಿಯಬೇಕು, ಆಮೇಲೆ ಜೂಲೆಪ್‌ಗೆ ಕೈ ಹಾಕಬೇಕು.

ಜೂಲೆಪ್ ಎಂದರೆ ಪುದೀನ, ಸಕ್ಕರೆ ಪಾಕ, ಮದ್ಯ, ಪುಡಿ ಐಸು. ಹೆಸರು ಪಾರಸಿಯ ‘ಗುಲಾಬ್’ನಿಂದ ಬಂದದ್ದು; ನಮ್ಮ ಗುಲಾಬಿಗೆ ದೂರದ ನೆಂಟ. ಅಮೆರಿಕದ ಕೆಂಟಕಿಯವರು ಬರ್ಬನ್ ವಿಸ್ಕಿ ಬಿಟ್ಟರೆ ಬೇರೆ ಒಪ್ಪುವುದಿಲ್ಲ. ಆದರೆ 1862ರಲ್ಲಿ ಬಾರ್‌ಟೆಂಡರ್ ಜೆರ್ರಿ ಥಾಮಸ್ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಮಿಂಟ್ ಜೂಲೆಪ್‌ಗೆ ಹಾಕಿರುವುದು ಬ್ರಾಂದಿ! ಆ ಧೈರ್ಯದ ಮೇಲೆಯೇ ಕೆ.ಜಿ.ಎಫ್.ನ ಊರಗಾಂವ್‌ನಲ್ಲಿ ಗೆಳೆಯರ ಮನೆಯಲ್ಲಿ ಒಂದು ಮೇ ಸಂಜೆ ನಾಲ್ಕು ಬಾಟಲಿ ಸಾಲಾಗಿಟ್ಟೆವು.

ಐಸಿನ ವಿಷಯಕ್ಕೆ ಬಂದರೆ, 1880ರಲ್ಲಿ ಚಿನ್ನದ ಗಣಿಯ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಡುವ ಎಷ್ಟೋ ಮೊದಲೇ ಅಮೆರಿಕದ ಕೆರೆಗಳ ಐಸು ಹಡಗೇರಿ ಮದರಾಸಿಗೆ ಬರುತ್ತಿತ್ತು. ಅದನ್ನಿಡಲು 1842ರಲ್ಲಿ ಕಟ್ಟಿದ ಐಸ್ ಹೌಸ್ ಮರೀನಾದಲ್ಲಿ ಇಂದಿಗೂ ಇದೆ. ನಮ್ಮದು ಫ್ರಿಜ್ಜಿನ ಐಸು. ಒಗೆದ ಟವೆಲ್ಲಿನಲ್ಲಿ ಸುತ್ತಿ ಗುಂಡುಕಲ್ಲಿನಿಂದ ಜಜ್ಜಿದೆವು. ಬಟ್ಟೆ ನೀರು ಹೀರಿಕೊಳ್ಳುತ್ತದೆ, ಪುಡಿ ಒಣಗಿಯೇ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ಗಂಜಿ.

ಪುದೀನವನ್ನು ಅರೆಯಬೇಡಿ ಸ್ವಾಮಿ. ಎಂಟು ಹತ್ತು ಎಲೆಯನ್ನು 15 ಮಿಲಿ ಪಾಕದಲ್ಲಿ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಘಮದ ಎಣ್ಣೆ ಎಲೆಯ ಮೇಲ್ಮೈಯಲ್ಲೇ ಇದೆ. ಹರಿದರೆ ಕಹಿ. 60 ಮಿಲಿ ಮದ್ಯ, ಮೇಲೆ ಗೋಪುರದಂತೆ ಐಸು. ಬೆಳ್ಳಿ ಬಟ್ಟಲೇ ಬೇಕೆಂದೇನಿಲ್ಲ. ಸ್ಟೀಲ್ ಲೋಟಕ್ಕೂ ಮಂಜು ಕಟ್ಟುತ್ತದೆ.

ಬ್ರಾಂದಿ ದ್ರಾಕ್ಷಿಯದ್ದೇ ಆಗಿದ್ದರೆ ಇದರ ಸಮಕ್ಕೆ ಬೇರೊಂದಿಲ್ಲ. ರಮ್‌ಗೆ ಸಕ್ಕರೆ ಬದಲು ಬೆಲ್ಲದ ಪಾಕ, ಅದೂ ಅರ್ಧ. ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಚೆನ್ನಾಗಿಯೇ ಹೊಂದಿತು, ಆದರೆ ಹೊಗೆ ವಾಸನೆಯದ್ದು ಬೇಡ. ಪುದೀನ ಒಲೆಗೆ ಬಿದ್ದಂತಾಗುತ್ತದೆ. ಅಮೃತ್‌ನಂಥ ಮಾಲ್ಟನ್ನು ಐಸಿನಲ್ಲಿ ಮುಳುಗಿಸಲು ಗೆಳೆಯರಿಗೆ ಮನಸ್ಸು ಬರಲಿಲ್ಲ ಎನ್ನುವುದು ಬೇರೆ ಮಾತು.

ಕೊನೆಗೆ ಗೋವಾದ ಫೆನಿ. ಗೇರುಹಣ್ಣಿನ ವಾಸನೆಗೂ ಪುದೀನಕ್ಕೂ ಜಗಳ ಹತ್ತಿತು. ನಿಂಬೆ ಹಿಂಡಿದ ಮೇಲೆ ರಾಜಿಯಾಯಿತು. ಇನ್ನೊಂದು ಮಾಡೋಣವೆಂದರೆ ಐಸು ಮುಗಿದಿತ್ತು.