ಅಲಬಾಮಾದ ಹಾಡುಗಳಲ್ಲಿ ದಕ್ಷಿಣದವರು ಯಾರು?

ಅಮೆರಿಕಾ ಸಂಯುಕ್ತ ಸಂಸ್ಥಾನದ ಜನಪ್ರಿಯ ಸಂಗೀತವನ್ನು ಕುರಿತು ಬರೆಯುವವರು ನೀಲ್ ಯಂಗ್ ಅವರಿಗೂ ಲಿನರ್ಡ್ ಸ್ಕಿನರ್ಡ್ ತಂಡಕ್ಕೂ ನಡೆದ ವಾಗ್ವಾದವನ್ನು ಒಂದು ದ್ವಂದ್ವಯುದ್ಧವೆಂಬಂತೆ ವರ್ಣಿಸುವುದು ವಾಡಿಕೆಯಾಗಿದೆ. ಯಂಗ್ ಅವರು 1970ರಲ್ಲಿ 'ಸದರ್ನ್ ಮ್ಯಾನ್' ಎಂಬ ಹಾಡಿನಲ್ಲಿಯೂ 1972ರಲ್ಲಿ 'ಅಲಬಾಮಾ' ಎಂಬುದರಲ್ಲಿಯೂ ದಕ್ಷಿಣದವರ ವರ್ಣದ್ವೇಷವನ್ನು ಖಂಡಿಸಿದರು. 1974ರಲ್ಲಿ ಆ ತಂಡದವರು 'ಸ್ವೀಟ್ ಹೋಮ್ ಅಲಬಾಮಾ' ಎಂಬ ಹಾಡಿನಲ್ಲಿ ಅವರ ಹೆಸರನ್ನೇ ಎತ್ತಿ ಉತ್ತರ ಕೊಟ್ಟರು. ಹೊರಗಿನವನು ಆಕ್ಷೇಪಿಸಿದನು, ನಾಡಿನವರು ನಾಡಿನ ಮಾನವನ್ನು ಕಾಪಾಡಿದರು ಎಂಬುದು ಕಥೆ. ಈ ನಿರೂಪಣೆ ಇತಿಹಾಸದ ದೃಷ್ಟಿಗೆ ಸಾಲದೆಂದು ನಮಗೆ ತೋರುತ್ತದೆ.

ವಾದಿ ಪ್ರತಿವಾದಿಗಳು ಯಾರೆಂಬುದನ್ನು ಮೊದಲು ನೋಡಬೇಕು. ಯಂಗ್ ಅವರು ಕೆನಡಾ ದೇಶದ ಟೊರಾಂಟೊದಲ್ಲಿ ಹುಟ್ಟಿದವರು. ಸ್ಕಿನರ್ಡ್ ತಂಡವು ಫ್ಲಾರಿಡಾದ ಜಾಕ್ಸನ್‌ವಿಲ್ ನಗರದ್ದು. ಹಾಡನ್ನು ಕಟ್ಟಿದ ಮೂವರಲ್ಲಿ ಇಬ್ಬರು ಆ ಊರಿನವರು. ಮೂರನೆಯವರಾದ ಎಡ್ ಕಿಂಗ್ ಕ್ಯಾಲಿಫೋರ್ನಿಯಾದವರು. ಅಲಬಾಮಾದ ವ್ಯಾಜ್ಯದಲ್ಲಿ ಅಲಬಾಮಾದವರೊಬ್ಬರೂ ಕಕ್ಷಿಗಾರರಲ್ಲ! ಇದನ್ನು ನಾವು ದೋಷವೆಂದು ಎಣಿಸುವುದಿಲ್ಲ. ಪ್ರಾಂತಾಭಿಮಾನದ ಹಾಡಿನಲ್ಲಿ ಬರುವ 'ಮನೆ'ಯು ಬಹುಮಟ್ಟಿಗೆ ದೂರದಲ್ಲಿದ್ದು ಕಲ್ಪಿಸಿಕೊಂಡ ಮನೆಯೇ ಆಗಿರುತ್ತದೆ. ಆದರೆ ಕಲ್ಪಿಸಿದ ಮನೆಯೊಳಗೆ ಯಾರಿಗೆ ಎಡೆಯುಂಟು, ಯಾರಿಗಿಲ್ಲ ಎಂಬುದನ್ನು ವಿಚಾರಿಸುವುದು ವಿಮರ್ಶಕನ ಕರ್ತವ್ಯ.

ಹಾಡಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಹೆಸರೂ ಗವರ್ನರರ ಪ್ರಸ್ತಾಪವೂ ಬರುತ್ತವೆ. ಆ ಗವರ್ನರ್ ಜಾರ್ಜ್ ವಾಲೆಸ್ 1963ರ ಜೂನ್ 11ರಂದು, ಇಬ್ಬರು ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯುವುದಕ್ಕಾಗಿ ಅಲಬಾಮಾ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ನಿಂತವರು. ಅದೇ ವರ್ಷ ಸೆಪ್ಟೆಂಬರ್ 15ರಂದು ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಕೂ ಕ್ಲಕ್ಸ್ ಕ್ಲಾನಿನವರು ಇಟ್ಟ ಬಾಂಬಿಗೆ ನಾಲ್ವರು ಕಪ್ಪು ಬಾಲಕಿಯರು ಬಲಿಯಾದರು. ಹನ್ನೊಂದೇ ವರ್ಷಗಳ ತರುವಾಯ ಆ ನಗರದ ಹೆಸರನ್ನು ಉಚ್ಚರಿಸುವುದು ನಿರುಪದ್ರವಿಯಾದ ಕಾರ್ಯವಲ್ಲ. ಗವರ್ನರರ ಮಾತು ಬಂದೊಡನೆ ಹಿಮ್ಮೇಳದವರು ಧಿಕ್ಕಾರದ ಧ್ವನಿ ಮಾಡುತ್ತಾರೆ, ಆದುದರಿಂದ ಹಾಡು ವಾಲೆಸ್ ಅವರನ್ನು ಒಪ್ಪಿಲ್ಲ ಎಂಬುದು ಸಮರ್ಥಕರ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಮುಂದಿನ ಮಾತೇ ವಾಟರ್‌ಗೇಟ್ ಹಗರಣವನ್ನು ತೋರಿಸಿ ಕೇಳುವವರ ಅಂತಃಸಾಕ್ಷಿಯನ್ನು ಕೆಣಕುತ್ತದೆ. ವಾಷಿಂಗ್‌ಟನ್ನಿನ ಅಪರಾಧವು ಬರ್ಮಿಂಗ್‌ಹ್ಯಾಮಿನ ಅಪರಾಧಕ್ಕೆ ಉತ್ತರವಾಗಲಾರದು. ಪಲ್ಲವಿಯ ಉಲ್ಲಾಸವಂತೂ ಆ ಕ್ಷೀಣವಾದ ಧಿಕ್ಕಾರವನ್ನು ನುಂಗಿಬಿಡುತ್ತದೆ.

ಯಂಗ್ ಅವರ ಹಾಡುಗಳನ್ನೂ ನಾವು ನಿರ್ದುಷ್ಟವೆನ್ನಲಾರೆವು. ತಮ್ಮ 'ಅಲಬಾಮಾ' ಹಾಡಿನ ಮಾತುಗಳು ದೂಷಣೆಯಿಂದಲೂ ಮೇಲರಿಮೆಯಿಂದಲೂ ಕೂಡಿದ್ದುವೆಂದು 2012ರ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅದಕ್ಕಿಂತ ಗಹನವಾದ ಕೊರತೆಯೊಂದಿದೆ. 'ದಕ್ಷಿಣದ ಮನುಷ್ಯ' ಎಂದು ಅವರು ಸಂಬೋಧಿಸುವುದು ಬಿಳಿಯನನ್ನು ಮಾತ್ರ; ಕಪ್ಪು ಮನುಷ್ಯನು ಚಾವಟಿಯ ಸದ್ದಾಗಿ, ಆರ್ತನಾದವಾಗಿ ಬರುತ್ತಾನೆಯೇ ಹೊರತು ದಕ್ಷಿಣದವನಾಗಿ ಬರುವುದಿಲ್ಲ. ಸ್ಕಿನರ್ಡ್ ತಂಡದವರೂ ಈ ಸಮೀಕರಣವನ್ನೇ ಒಪ್ಪಿಕೊಂಡು ಮುನಿದರು. ವಿರೋಧಿಗಳಿಬ್ಬರೂ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಜಗಳವಾಡಿದರೆಂಬುದೇ ನಮ್ಮ ಮುಖ್ಯ ಆಕ್ಷೇಪ.

ಬೇರೊಂದು ನಕ್ಷೆಯು ಆಗಲೇ ಇತ್ತು. ಉತ್ತರ ಕ್ಯಾರೊಲಿನಾದ ಟ್ರಯಾನ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಹುಟ್ಟಿದ ನೀನಾ ಸಿಮೋನ್ ಅವರು 1964ರಲ್ಲಿ ಹೊರತಂದ 'ಮಿಸಿಸಿಪಿ ಗಾಡ್‌ಡ್ಯಾಮ್' ಎಂಬ ಹಾಡಿನಲ್ಲಿ ದಕ್ಷಿಣದ ರಾಜ್ಯಗಳನ್ನು ಹೆಸರು ಹಿಡಿದು ಬೈಯುತ್ತಾರೆ. ಮೆಡ್ಗರ್ ಎವರ್ಸ್ ಅವರ ಕೊಲೆಯೂ ಬರ್ಮಿಂಗ್‌ಹ್ಯಾಮಿನ ಬಾಂಬೂ ಅದಕ್ಕೆ ಪ್ರೇರಣೆ. ಆದರೆ ಬೈಯುವವರು ಮನೆಯವರೇ; ನೆರೆಯವರಲ್ಲ. ನಾಡಿನ ಮೇಲಣ ಹಕ್ಕನ್ನು ಬಿಟ್ಟುಕೊಡದ ಕೋಪ ಅದು. ಯಂಗ್ ಮತ್ತು ಸ್ಕಿನರ್ಡ್ ಅವರ ವಿವಾದವನ್ನು ಚರ್ಚಿಸುವವರು ಇದನ್ನು ಪಕ್ಕಕ್ಕಿರಿಸುವುದು ಏಕೆಂದು ನಮಗೆ ತಿಳಿಯದು.

'ಸ್ವೀಟ್ ಹೋಮ್ ಅಲಬಾಮಾ'ದ ಒಳಗೇ ಈ ಮರೆವಿನ ಗುರುತುಗಳಿವೆ. ಹಾಡು ಮಸಲ್ ಶೋಲ್ಸ್ ಊರಿನ 'ಸ್ವಾಂಪರ್ಸ್' ವಾದ್ಯಗಾರರನ್ನು ಮನಸಾರೆ ಹೊಗಳುತ್ತದೆ. ಈ ಬಿಳಿಯ ವಾದ್ಯಗಾರರು ಕೀರ್ತಿ ಪಡೆದುದು ವಿಲ್ಸನ್ ಪಿಕೆಟ್, ಅರೀತಾ ಫ್ರಾಂಕ್ಲಿನ್ ಮೊದಲಾದ ಕಪ್ಪು ಗಾಯಕರಿಗೆ ನುಡಿಸಿ. ಹಾಡು ಈ ಸಂಗತಿಯನ್ನು ಹೇಳುವುದಿಲ್ಲ. ಹಿಮ್ಮೇಳದಲ್ಲಿ ಹಾಡಿದವರಲ್ಲಿ ಟೆಕ್ಸಸ್ಸಿನ ಕ್ಲೈಡಿ ಕಿಂಗ್ ಮತ್ತು ಲೂಸಿಯಾನಾದ ಮೆರಿ ಕ್ಲೇಟನ್ ಎಂಬ ಇಬ್ಬರು ಕಪ್ಪು ಗಾಯಕಿಯರಿದ್ದರು. ಕ್ಲೇಟನ್ ಅವರು ಮನಸ್ಸಿಲ್ಲದೆಯೇ ಆ ಕೆಲಸವನ್ನೊಪ್ಪಿದುದಾಗಿ ಬಳಿಕ ಹೇಳಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು, 1971ರ ತಮ್ಮ ಧ್ವನಿಮುದ್ರಿಕೆಯಲ್ಲಿ, ಅವರು ಯಂಗ್ ಅವರ 'ಸದರ್ನ್ ಮ್ಯಾನ್' ಹಾಡನ್ನೂ ಹಾಡಿದ್ದರು.