ಡಬ್ಬಿಯ ಮುಚ್ಚಳದ ಆರು ಸಾಲು

ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಸೈಕಲ್ ಸಾಮಾನಿಗೆಂದೇ ಒಂದು ತಗಡಿನ ಡಬ್ಬಿ ಇದೆ. ಅದರ ಮುಚ್ಚಳದ ಒಳಗೆ ನಾನು ಬರೆದು ಅಂಟಿಸಿದ ಆರು ಸಾಲಿನ ಚೀಟಿ ಇದೆ. ಒಂಬತ್ತು ಸ್ಪೀಡಿನ, ಅಂದರೆ ಹಿಂದೆ ಒಂಬತ್ತು ಹಲ್ಲುಚಕ್ರಗಳಿರುವ, ಹಳೆ ರೋಡ್ ಬೈಕಿಗೆ ಹೊಸ ಭಾಗಗಳನ್ನು ಹಾಕುತ್ತಾ ಕಲಿತದ್ದೆಲ್ಲ ಆ ಚೀಟಿಯಲ್ಲಿದೆ. ಸೈಕಲ್ಲನ್ನೂ ಡಬ್ಬಿಯನ್ನೂ ಈಗ ಅಕ್ಕನ ಮಗನಿಗೆ ಕೊಟ್ಟಿದ್ದೇನೆ. "ಮಾಮ, ಓದಿದೆ, ಒಂದು ಸಾಲೂ ಅರ್ಥ ಆಗಲಿಲ್ಲ" ಅಂದ. ಅವನಿಗೂ, ಹಳೆ ಸೈಕಲ್ಲನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಎಲ್ಲರಿಗೂ ಈ ವಿವರಣೆ. ಇಲ್ಲಿನ ಅಳತೆಗಳೆಲ್ಲ ನಮ್ಮಲ್ಲಿ ಹೆಚ್ಚಾಗಿ ಕಾಣುವ ಶಿಮಾನೊ ಭಾಗಗಳವು.

1. ಲಿವರ್ ಎಳೆದಷ್ಟಕ್ಕೆ ಆರ್‌ಡಿ ಸರಿಯಬೇಕು.

ಉಳಿದ ಐದು ಸಾಲೂ ಇದರ ಮೇಲೆ ನಿಂತಿವೆ. ಆರ್‌ಡಿ ಅಂದರೆ ರಿಯರ್ ಡಿರೇಲರ್, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಕೈ. ಒಂಬತ್ತು ಸ್ಪೀಡಿನ ಶಿಫ್ಟರನ್ನು, ಅಂದರೆ ಗೇರ್ ಬದಲಿಸುವ ಲಿವರನ್ನು, ಒಂದು ಸಲ ಒತ್ತಿದರೆ ಗೇರ್ ವೈರು ಸುಮಾರು 2.5 ಮಿ.ಮೀ. ಎಳೆಯುತ್ತದೆ. ಹಳೆ ಆರ್‌ಡಿ ಆ ಎಳೆತದ 1.7 ಪಟ್ಟು ಅಡ್ಡಕ್ಕೆ ಸರಿಯುತ್ತದೆ, ಹತ್ತಿರ ಹತ್ತಿರ 4.3 ಮಿ.ಮೀ. ಹನ್ನೊಂದು ಸ್ಪೀಡಿನ ಆರ್‌ಡಿ ಸರಿಯುವುದು 1.4 ಪಟ್ಟು ಮಾತ್ರ. ಹಳೆ ಲಿವರಿಗೆ ಹೊಸ ಆರ್‌ಡಿ ಕಟ್ಟಿದರೆ ಅದು 3.5 ಮಿ.ಮೀ.ಗೇ ನಿಂತುಬಿಡುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ.

ಮೊದಲು ಈ ತೊಂದರೆ ಇರಲಿಲ್ಲ. ಫ್ರೇಮಿನ ಕೊಳವೆಯ ಮೇಲಿದ್ದ ಲಿವರನ್ನು ಸವಾರನೇ ಅಂದಾಜಿನ ಮೇಲೆ ಸರಿಸಿ, ಸದ್ದು ಅಡಗಿದಲ್ಲಿ ನಿಲ್ಲಿಸುತ್ತಿದ್ದ. 1984ರಲ್ಲಿ ಶಿಮಾನೊ ತನ್ನ ಡ್ಯೂರಾ-ಏಸ್ 7400 ಸರಣಿಯಲ್ಲಿ, ಒತ್ತಿದರೆ ಟಕ್ ಎಂದು ಒಂದೇ ಗೇರು ಬದಲಾಗುವ ವ್ಯವಸ್ಥೆಯನ್ನು ರೇಸಿಂಗ್ ಸೈಕಲ್ಲಿಗೆ ತಂದಿತು. ಅಂದಾಜು ಮಾಡುವ ಕೆಲಸ ಸವಾರನ ಬೆರಳಿನಿಂದ ಲಿವರಿನ ಒಳಗಿನ ಹಲ್ಲಿಗೆ ಹೋಯಿತು. ಅಲ್ಲಿಂದಾಚೆಗೆ ಅಳತೆ ತಪ್ಪಿದರೆ ತಿದ್ದುವವರಿಲ್ಲ.

2. ಹಲ್ಲು ಎಣಿಸುವ ಮೊದಲು ಸಂದು ಅಳೆ.

ಹಿಂದಿನ ಹಲ್ಲುಚಕ್ರಗಳ ಗೊಂಚಲೇ ಕ್ಯಾಸೆಟ್. ಅದನ್ನು ಕೊಳ್ಳುವಾಗ ನಾವು ಕೇಳುವುದು ಹಲ್ಲಿನ ಲೆಕ್ಕ, ದೊಡ್ಡ ಚಕ್ರಕ್ಕೆ 28ರೋ 34ರೋ ಎಂದು. ಗೇರು ಕೂರುವುದನ್ನು ತೀರ್ಮಾನಿಸುವುದು ಒಂದು ಚಕ್ರದಿಂದ ಪಕ್ಕದ ಚಕ್ರಕ್ಕಿರುವ ದೂರ. ಎಂಟು ಸ್ಪೀಡಿನಲ್ಲಿ ಅದು 4.8 ಮಿ.ಮೀ., ಒಂಬತ್ತರಲ್ಲಿ 4.35, ಹತ್ತರಲ್ಲಿ 3.95, ಹನ್ನೊಂದರಲ್ಲಿ ಸುಮಾರು 3.7.

ಒಂದು ಭಾನುವಾರ ನಾನು ಒಂಬತ್ತರ ಶಿಫ್ಟರ್ ಇಟ್ಟುಕೊಂಡೇ ಹತ್ತರ ಕ್ಯಾಸೆಟ್ ಹಾಕಿದೆ. ಸ್ಟ್ಯಾಂಡಿನ ಮೇಲೆ ಪೆಡಲ್ ತಿರುಗಿಸಿದಾಗ ಚಿಕ್ಕ ಚಕ್ರದಲ್ಲಿ ಚೈನು ಸದ್ದಿಲ್ಲದೆ ಓಡಿತು. ಒಂದು ಒತ್ತಿಗೆ ಸಣ್ಣಗೆ ಉಜ್ಜಿತು, ಮೂರನೆಯದಕ್ಕೆ ಕಟಕಟ ಎಂದಿತು. ಐದನೆಯದಕ್ಕೆ ಎರಡು ಚಕ್ರಗಳ ನಡುವೆ ಯಾವುದನ್ನೂ ಹಿಡಿಯಲಾರದೆ ಹಾರತೊಡಗಿತು. ಲೆಕ್ಕ ಸರಳ: ಒತ್ತಿಗೆ 0.4 ಮಿ.ಮೀ. ಹೆಚ್ಚಿಗೆ ಸರಿದರೆ ಐದು ಒತ್ತಿಗೆ 2 ಮಿ.ಮೀ., ಅಂದರೆ ಸರಿಯಾಗಿ ಅರ್ಧ ಸಂದು. ವೈರಿನ ಬಿಗಿ ಹೊಂದಿಸುವ ಬ್ಯಾರೆಲ್ ತಿರುಗಿಸಿ ಮಧ್ಯದ ಗೇರನ್ನು ಕೂರಿಸಿದೆ, ಎರಡು ತುದಿಯ ಗೇರುಗಳು ಕೆಟ್ಟವು. ಬ್ಯಾರೆಲ್ಲು ಆರಂಭದ ಜಾಗವನ್ನು ಸರಿಸಬಲ್ಲದು, ಹೆಜ್ಜೆಯ ಉದ್ದವನ್ನು ಬದಲಿಸಲಾರದು. ಇದು ತಿಳಿದಿದ್ದರೆ ಮೆಕ್ಯಾನಿಕ್ಕಿಗೆ "ಟ್ಯೂನಿಂಗ್ ಸರಿಯಿಲ್ಲ" ಎಂದು ದೂರುವ ಪ್ರಸಂಗವೇ ಬರುವುದಿಲ್ಲ.

3. ಚೈನು ಕ್ಯಾಸೆಟ್ಟಿನ ಮಾತು ಕೇಳಲಿ.

ಚೈನಿನ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ಅದು ಬದಲಾಗಿಲ್ಲ. ಸ್ಪೀಡು ಏರಿದ ಹಾಗೆ ಇಳಿದದ್ದು ಹೊರ ಅಗಲ: ಒಂಬತ್ತರ ಚೈನು ಸುಮಾರು 6.6 ಮಿ.ಮೀ., ಹತ್ತರದು 5.9, ಹನ್ನೊಂದರದು 5.5ರ ಆಸುಪಾಸು. ಒಂಬತ್ತರ ಚೈನನ್ನು ಹತ್ತರ ಕ್ಯಾಸೆಟ್ಟಿಗೆ ಹಾಕಿದರೆ ಪಕ್ಕದ ಚಕ್ರಕ್ಕೆ ತಗಲುತ್ತದೆ. ಆದ್ದರಿಂದ ಚೈನಿನ ಸ್ಪೀಡು ಕ್ಯಾಸೆಟ್ಟಿನ ಸ್ಪೀಡೇ ಆಗಿರಬೇಕು. ಮುಂದಿನ ಕ್ರ್ಯಾಂಕಿಗೆ ಇಷ್ಟು ಹಟವಿಲ್ಲ. ಅಲ್ಲಿರುವುದು ಎರಡೇ ಚಕ್ರ, ಹಳೆಯದೇ ಬಹುಮಟ್ಟಿಗೆ ನಡೆಯುತ್ತದೆ.

4. ಹಬ್ಬು ಹೊಸದಾದರೆ ವಾಷರ್ ಹಾಕು, ಹಳೆಯದಾದರೆ ತಡೆ.

ಕ್ಯಾಸೆಟ್ ಕೂರುವ, ಮೈಮೇಲೆ ತೋಡುಗಳಿರುವ ಉರುಳೆಯೇ ಫ್ರೀಹಬ್, ಚೀಟಿಯಲ್ಲಿನ ಹಬ್ಬು. ಎಂಟು, ಒಂಬತ್ತು, ಹತ್ತು ಸ್ಪೀಡಿಗೆ ಅದರ ಉದ್ದ ಒಂದೇ. ಹನ್ನೊಂದರ ರೋಡ್ ಹಬ್ಬು 1.85 ಮಿ.ಮೀ. ಉದ್ದ. ಹೊಸ ಚಕ್ರಕ್ಕೆ ಹಳೆ ಕ್ಯಾಸೆಟ್ ಹಾಕುವಾಗ ಅಷ್ಟೇ ದಪ್ಪದ ವಾಷರನ್ನು ಮೊದಲು ಕೂರಿಸಬೇಕು, ಇಲ್ಲವಾದರೆ ಲಾಕ್‌ರಿಂಗ್ ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ. ಹಳೆ ಹಬ್ಬಿಗೆ ಸಾಮಾನ್ಯ ಹನ್ನೊಂದರ ರೋಡ್ ಕ್ಯಾಸೆಟ್ ಹಿಡಿಸುವುದಿಲ್ಲ. ಶಿಮಾನೊದ 11-34 ಹಲ್ಲಿನ ಎಚ್‌ಜಿ700, ಎಚ್‌ಜಿ800 ಮಾತ್ರ ಹಿಡಿಸುತ್ತವೆ. ಅವುಗಳ ದೊಡ್ಡ ಚಕ್ರ ಕಡ್ಡಿಗಳ ಕಡೆಗೆ ಬಾಗಿ ಕೂರುವುದರಿಂದ ಉರುಳೆಯ ಉದ್ದ ಸಾಕಾಗುತ್ತದೆ. ಹಾಗಾಗಿ "ತಡೆ" ಎಂದೆ, "ಬೇಡ" ಎನ್ನಲಿಲ್ಲ.

5. ಹತ್ತು ಅಂತ ಬರೆದದ್ದೆಲ್ಲ ಒಂದೇ ಹತ್ತಲ್ಲ.

ಜೇಬಿಗೆ ಹೆಚ್ಚು ಪೆಟ್ಟು ಕೊಡುವ ತಪ್ಪು ಇದು. ಶಿಮಾನೊದ ಟಿಯಾಗ್ರಾ 4600 ಹತ್ತು ಸ್ಪೀಡು, 2015ರಲ್ಲಿ ಬಂದ ಟಿಯಾಗ್ರಾ 4700 ಕೂಡ ಹತ್ತು ಸ್ಪೀಡು. ಹೆಸರು ಒಂದೇ, ಸ್ಪೀಡು ಒಂದೇ. ಆದರೆ 4700 ವೈರು ಎಳೆಯುವುದು ಹನ್ನೊಂದರ ಅಳತೆಯಲ್ಲಿ. 4600ರ ಲಿವರಿಗೆ 4700ರ ಆರ್‌ಡಿ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಭಾಗದ ಒಳಮೈಯಲ್ಲಿ ಅಚ್ಚೊತ್ತಿದ ನಂಬರನ್ನು ಓದಿಯೇ ಹಣ ಕೊಡಬೇಕು.

ಇದರ ಮರುಮುಖ ನನಗೆ ತುಂಬ ಇಷ್ಟ. ಹೆಸರು ಬೇರೆಯಾದರೂ ಅಳತೆ ಕೂಡಿದರೆ ಸಾಕು. ಒಂಬತ್ತು ಸ್ಪೀಡಿನ ಗುಡ್ಡದ ಸೈಕಲ್ಲಿನ ಆರ್‌ಡಿಯೂ 1.7 ಪಟ್ಟೇ ಸರಿಯುತ್ತದೆ. ಚೈನನ್ನು ಬಿಗಿಹಿಡಿಯುವ ಅದರ ಉದ್ದನೆಯ ಕೇಜು 34 ಹಲ್ಲಿನ ಚಕ್ರವನ್ನು ಸಲೀಸಾಗಿ ನಿಭಾಯಿಸುತ್ತದೆ. ನನ್ನ ರೋಡ್ ಬೈಕಿನ ಹಳೆ ಸೋರಾ ಲಿವರಿಗೆ ಒಂಬತ್ತರ ಡಿಯೋರ್ ಆರ್‌ಡಿ ಕಟ್ಟಿದ ಮೇಲೆ, ನಂದಿಬೆಟ್ಟದ ಕೊನೆಯ ತಿರುವುಗಳಲ್ಲಿ ಇಳಿದು ತಳ್ಳುವುದು ತಪ್ಪಿತು. ಲಿವರ್ ಬದಲಿಸಲಿಲ್ಲ, ಹಬ್ಬು ಬದಲಿಸಲಿಲ್ಲ.

6. ಸವೆದದ್ದಕ್ಕೆ ಹೊಸದನ್ನು ಗಂಟು ಹಾಕಬೇಡ.

ಮೇಲಿನ ಐದೂ ಕೂಡಿಬಂದು, ಇದೊಂದು ತಪ್ಪಿದರೂ ಗೇರು ಹಾರುತ್ತದೆ. ನಾಯಂಡಹಳ್ಳಿಯಿಂದ ಕೆಂಗೇರಿ ದಾಟಿ ದೊಡ್ಡ ಆಲದ ಮರಕ್ಕೆ ಹೋಗಿಬಂದವರಿಗೆ ಮೈಸೂರು ರಸ್ತೆಯ ಧೂಳು ಗೊತ್ತು. ಆ ಧೂಳು ಎಣ್ಣೆಗೆ ಅಂಟಿ ಪಿನ್ನುಗಳನ್ನು ತೇಯುತ್ತದೆ, ಚೈನು ಉದ್ದವಾಗುತ್ತದೆ. ಉದ್ದವಾದ ಚೈನು ಕ್ಯಾಸೆಟ್ಟಿನ ಹಲ್ಲನ್ನು ತನ್ನ ಅಳತೆಗೆ ಸವೆಸಿಕೊಳ್ಳುತ್ತದೆ. ಆಮೇಲೆ ಹೊಸ ಚೈನು ಹಾಕಿದರೆ ಆ ಹಲ್ಲಿಗೆ ಅದು ಒಗ್ಗುವುದಿಲ್ಲ, ಏರಿನಲ್ಲಿ ಜೋರಾಗಿ ತುಳಿದಾಗ ಜಾರುತ್ತದೆ.

ಪರೀಕ್ಷೆಗೆ ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಸ್ಕೇಲು ಸಾಕು. ಚೈನನ್ನು ಬಿಗಿ ಹಿಡಿದು, ಒಂದು ಪಿನ್ನಿನ ನಡುವೆ ಸೊನ್ನೆ ಇಡಬೇಕು. ಹೊಸ ಚೈನಾದರೆ 24ನೆಯ ಪಿನ್ನು ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಬೀಳುತ್ತದೆ. ಗೆರೆಯನ್ನು ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸುವ ಹೊತ್ತು. ಎಂಟನೇ ಒಂದು ಭಾಗ ದಾಟಿದ್ದರೆ ಕ್ಯಾಸೆಟ್ಟೂ ಹೋಗಿದೆ ಎಂದೇ ಲೆಕ್ಕ.

ಕ್ಯಾಸೆಟ್ಟು, ಆರ್‌ಡಿ, ಲಿವರುಗಳ ಮುಂದೆ ಚೈನು ಅಗ್ಗದ ವಸ್ತು. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಉಳಿದ ಹಳೆಯವೆಲ್ಲ ಉಳಿಯುತ್ತವೆ. ಅದಕ್ಕೇ ಡಬ್ಬಿಯಲ್ಲಿ ಚೀಟಿಯ ಕೆಳಗೇ ಆ ಸ್ಕೇಲನ್ನೂ ಇಟ್ಟು ಕೊಟ್ಟಿದ್ದೇನೆ.