ಮೀಟರ್ ನೋಡಿ ಫಿಲ್ಟರ್ ಕೊಳ್ಳಬಹುದೆ?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಜನ ದಶಕಗಳಿಂದ ಕೊಳವೆಬಾವಿಗಳನ್ನೇ ನಂಬಿ ಬಂದವರು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಸೇರುತ್ತದೆ. ಹಾಗಾಗಿ ಇಲ್ಲಿ ನೀರಿನ ಫಿಲ್ಟರ್ ಬರಿಯ ಅನುಕೂಲದ ವಸ್ತುವಲ್ಲ. ಆದರೆ ಅದನ್ನು ಆರಿಸುವ ರೂಢಿಯ ಕ್ರಮದಲ್ಲಿ ದೊಡ್ಡ ದೋಷವಿದೆ.

ಮಾರಾಟಗಾರರು ಲೋಟದ ನೀರಿಗೆ ಪೆನ್ನಿನಂಥ ಟಿ.ಡಿ.ಎಸ್. ಮೀಟರ್ ಅದ್ದಿ ಅಂಕಿ ತೋರಿಸುತ್ತಾರೆ. ಈ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡಬಹುದು, ಅಷ್ಟೆ. ಭಾರತೀಯ ಮಾನಕ 10500 (2012)ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮ್ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಒಟ್ಟು 600 ಮಿಲಿಗ್ರಾಮ್ ಲವಣವಿರುವ ನೀರಿನಲ್ಲಿ ಫ್ಲೋರೈಡ್ 0.5 ಇದೆಯೋ 2.5 ಇದೆಯೋ ಎಂಬುದನ್ನು ಈ ಮೀಟರ್ ಹೇಳಲಾರದು. ರೋಗಾಣುಗಳ ವಿಚಾರವಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ.

ಬೇಳೆ ಬೇಗ ಬೇಯುವ, ಸೋಪು ಚೆನ್ನಾಗಿ ನೊರೆಯುವ ನೀರು ಒಳ್ಳೆಯದೆಂಬ ನಂಬಿಕೆಯೂ ಉಂಟು. ಇದು ಇನ್ನೂ ಅಪಾಯಕಾರಿ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗುತ್ತದೆ. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯಬಲ್ಲದು. ನಾಲಿಗೆಗೆ ಹಿತವಾದದ್ದು ಹಲ್ಲಿಗೂ ಹಿತವಾಗಬೇಕಿಲ್ಲ.

ಟಿ.ಡಿ.ಎಸ್. 500ಕ್ಕಿಂತ ಕಡಿಮೆ ಇರುವಲ್ಲಿ ಆರ್.ಓ. ಬಳಕೆ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತ್ತು. ನೀರು ಪೋಲಾಗಬಾರದೆಂಬ ಉದ್ದೇಶ ಸರಿ. ಆದರೆ ಟಿ.ಡಿ.ಎಸ್. 450 ಇದ್ದು ಫ್ಲೋರೈಡ್ 2 ಇರುವ ಬಾವಿಗೆ ಈ ಅಳತೆಗೋಲು ಹೊಂದುವುದಿಲ್ಲ.

ಹಾಗಾದರೆ ಯಾವ ಉಪಕರಣ? ಕ್ಯಾಂಡಲ್ ಫಿಲ್ಟರ್ ಕೆಸರನ್ನು ತಡೆಯುತ್ತದೆ; ನೇರಳಾತೀತ ದೀಪ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಪ್ರವಾಸಿಗರು ವಾಹನದಲ್ಲಿ ಒಯ್ಯುವ, ಸೂಕ್ಷ್ಮ ಟೊಳ್ಳುನಾರಿನ ಫಿಲ್ಟರ್ ಬ್ಯಾಕ್ಟೀರಿಯಗಳನ್ನು ಹಿಡಿಯುತ್ತದೆ. ಈ ಮೂರರಲ್ಲೂ ಫ್ಲೋರೈಡ್ ಹಾಗೆಯೇ ಉಳಿಯುತ್ತದೆ. ಕುದಿಸಿದರೆ ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ! ಫ್ಲೋರೈಡನ್ನು ತೆಗೆಯಬಲ್ಲವು ಆರ್.ಓ. ಪೊರೆ ಮತ್ತು ಸಕ್ರಿಯ ಅಲ್ಯುಮಿನ. ಅಲ್ಯುಮಿನದ ಹೀರುವ ಶಕ್ತಿಗೆ ಮಿತಿಯಿದೆ. ಅದು ತೀರಿದ ಮೇಲೂ ನೀರು ನೋಡಲು ಮೊದಲಿನಂತೆಯೇ ಇರುತ್ತದೆ.

ಆರ್.ಓ.ಗೂ ಬೆಲೆ ತೆರಬೇಕು. ಲೀಟರಿಗೆ 2.4 ಮಿಲಿಗ್ರಾಮ್ ಫ್ಲೋರೈಡ್ ಇರುವ 100 ಲೀಟರ್ ನೀರನ್ನು ಒಂದು ಗ್ರಾಮ ಘಟಕಕ್ಕೆ ಹರಿಸಿದೆವೆನ್ನಿ. 50 ಲೀಟರ್ ಶುದ್ಧ ನೀರು ಬಂದು, ಅದರಲ್ಲಿ ಲೀಟರಿಗೆ 0.24 ಉಳಿದರೆ, ಮಿಕ್ಕ 50 ಲೀಟರಿನಲ್ಲಿ ಲೀಟರಿಗೆ ಸುಮಾರು 4.56 ಮಿಲಿಗ್ರಾಮ್ ಇರುತ್ತದೆ. ಇದನ್ನು ಚರಂಡಿಗೆ ಬಿಟ್ಟರೆ ಅದು ಇಂಗಿ ಮತ್ತೆ ಅಂತರ್ಜಲ ಸೇರಬಹುದು. ಕ್ಯಾನ್ ನೀರನ್ನು ಕುಡಿದು, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸಿದರೆ ಅನ್ನ ಸಾರಿನ ಮೂಲಕ ಫ್ಲೋರೈಡ್ ದೇಹ ಸೇರುತ್ತದೆ.

ಆದುದರಿಂದ ಫಿಲ್ಟರ್ ಕೊಳ್ಳುವ ಮೊದಲು ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಹಾಗೂ ರೋಗಾಣುಗಳ ಪರೀಕ್ಷೆ ಮಾಡಿಸಬೇಕು. ಅಳವಡಿಸಿದ ಮೇಲೆ ಹೊರಬರುವ ನೀರನ್ನೂ ಪರೀಕ್ಷಿಸಬೇಕು. ಟಿ.ಡಿ.ಎಸ್. ಮೀಟರಿಗೂ ಒಂದು ಉಪಯೋಗವಿದೆ: ಆರ್.ಓ.ಗೆ ಹೋಗುವ ಮತ್ತು ಬರುವ ನೀರಿನ ಅಂಕಿಗಳ ಅಂತರ ಕುಗ್ಗುತ್ತಾ ಬಂದರೆ ಪೊರೆ ಕೆಟ್ಟಿದೆಯೆಂದು ಅನುಮಾನಿಸಬಹುದು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ, ಆ ಕೆರೆಗಳ ಸುತ್ತಲಿನ ಬಾವಿಗಳ ಹಳೆಯ ವರದಿಯನ್ನೇ ನೆಚ್ಚುವಂತಿಲ್ಲ. ಶುದ್ಧ ಮಾಡಿನಿಂದ, ಮೊದಲ ಮಳೆಯನ್ನು ಬಿಟ್ಟು ಹಿಡಿದ ನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ. ಅದನ್ನು ಸೋಸಿ, ಕುದಿಸಿ ಕುಡಿಯಬಹುದು.

ಫ್ಲೋರೈಡಿನಿಂದ ಮಕ್ಕಳ ಹಲ್ಲಿನ ಎನಾಮಲ್ ಕೆಡುವುದು ಅದು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ. ಆಮೇಲೆ ಒಳ್ಳೆಯ ನೀರು ಕುಡಿದರೂ ಆ ಕಲೆ ಮಾಸದು. ಗ್ರಾಮದ ಶುದ್ಧ ನೀರಿನ ಘಟಕದ ಗೋಡೆಯ ಮೇಲೆ ದರದ ಜೊತೆಗೆ ಕೊನೆಯ ಪರೀಕ್ಷೆಯ ದಿನಾಂಕ ಮತ್ತು ಫ್ಲೋರೈಡಿನ ಅಂಕಿಯೂ ಇರಲಿ ಎಂದು ಜನ ಕೇಳಬೇಕು.